ಮೆಕ್ಕೆಜೋಳದ ನೆಲ ಮತ್ತು ಅದರ ಕಸುವು: ಹಿರೇಗುಂಟನೂರು ಸೀಮೆ

ಒಂದೇ ಹೊಲದಲ್ಲಿ ವರ್ಷಾನುವರ್ಷ ಮೆಕ್ಕೆಜೋಳವನ್ನೇ ಬೆಳೆದರೆ ಮಣ್ಣು ಏನಾಗುತ್ತದೆ, ಇಳುವರಿ ಕುಸಿಯದಂತೆ ಅದನ್ನು ಕಾಯುವುದು ಹೇಗೆ ಎಂಬುದು ಮಧ್ಯ ಕರ್ನಾಟಕದ ಮಳೆಯಾಶ್ರಿತ ಬೇಸಾಯದ ಮುಖ್ಯ ಪ್ರಶ್ನೆಗಳಲ್ಲಿ ಒಂದು. ಚಿತ್ರದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹಿರೇಗುಂಟನೂರು, ಅದೇ ಜಿಲ್ಲೆಯ ಹೊಳಲ್ಕೆರೆ, ಹಿರಿಯೂರು, ಹೊಸದುರ್ಗ ತಾಲ್ಲೂಕುಗಳು ರಾಜ್ಯದ ಕೃಷಿ ವಿಂಗಡಣೆಯಲ್ಲಿ ಮಧ್ಯ ಒಣವಲಯಕ್ಕೆ ಸೇರುತ್ತವೆ. ಜಿಲ್ಲೆಯಲ್ಲಿ ಬೀಳುವುದು ವರ್ಷಕ್ಕೆ ಸರಾಸರಿ 600 ಮಿ.ಮೀ. ಆಸುಪಾಸಿನ ಮಳೆ, ಪಶ್ಚಿಮದ ಹೊಳಲ್ಕೆರೆ ಕಡೆ ತುಸು ಹೆಚ್ಚು, ಪೂರ್ವಕ್ಕೆ ಹೋದಂತೆ ಕಡಿಮೆ. ನೆಲದಲ್ಲಿ ಹೆಚ್ಚಿನ ಪಾಲು ಕೆಂಪು ಮಸಾರಿ, ಅಲ್ಲಲ್ಲಿ ಎರೆ. ಮಸಾರಿಯಲ್ಲಿ ಜೇಡಿ ಕಡಿಮೆ. ಅದು ನೀರನ್ನೂ ಗೊಬ್ಬರವನ್ನೂ ಬಹಳ ಹೊತ್ತು ಹಿಡಿದಿಟ್ಟುಕೊಳ್ಳಲಾರದು. ಮೆಕ್ಕೆಜೋಳವೋ ಹಸಿವು ಹೆಚ್ಚಿನ ಬೆಳೆ. ಕಸುವು ಕಡಿಮೆ ಇರುವ ನೆಲಕ್ಕೆ ಉಣ್ಣುವ ಶಕ್ತಿ ಹೆಚ್ಚಿರುವ ಬೆಳೆ ಬಂದದ್ದರಿಂದಲೇ ಇಲ್ಲಿನ ಸಮಸ್ಯೆ ಹುಟ್ಟಿತು.

ಬೆಳೆ ಬಂದ ಬಗೆ

ಮೆಕ್ಕೆಜೋಳ ಅಮೆರಿಕ ಖಂಡದ ಮೂಲದ್ದು. ಹೆಸರು ಸೀಮೆಗೊಂದು: ಧಾರವಾಡದ ಕಡೆ ಗೋವಿನಜೋಳ, ಹಳೆ ಮೈಸೂರಿನಲ್ಲಿ ಮುಸುಕಿನ ಜೋಳ, ಚಿತ್ರದುರ್ಗ–ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳ. ಭಾರತದಲ್ಲಿ ಇದರ ಸಂಘಟಿತ ಸಂಶೋಧನೆ 1957ರಲ್ಲಿ ಶುರುವಾಗಿ, 1961ರಲ್ಲಿ ಗಂಗಾ, ರಂಜಿತ್, ಡೆಕ್ಕನ್ ಮುಂತಾದ ಮೊದಲ ಸಂಕರಣ ತಳಿಗಳು ಹೊರಬಂದವು. ಮಂಡ್ಯದ ವಿ.ಸಿ. ಫಾರಂನಿಂದ ಹೇಮಾ, ನಿತ್ಯಶ್ರೀ ತಳಿಗಳು ಬಂದದ್ದು ಆಮೇಲೆ. ಆದರೆ ಈ ಸೀಮೆಯ ಹೊಲಗಳನ್ನು ಮೆಕ್ಕೆಜೋಳ ತುಂಬಿದ್ದಕ್ಕೆ ತಳಿಯೊಂದೇ ಕಾರಣವಲ್ಲ. ಹತ್ತಿಗೆ ಕಾಯಿಕೊರಕದ ಕಾಟ, ಶೇಂಗಾಕ್ಕೆ ಮಳೆಯ ಕಣ್ಣಾಮುಚ್ಚಾಲೆ, ರಾಗಿಗೆ ಆಳಿನ ಅಭಾವ. ಇವೆಲ್ಲ ಒಟ್ಟಿಗೆ ಬಂದ ಕಾಲಕ್ಕೆ ಕೋಳಿ ಆಹಾರಕ್ಕೂ ಸ್ಟಾರ್ಚ್ ಕಾರ್ಖಾನೆಗಳಿಗೂ ಮೆಕ್ಕೆಜೋಳದ ಬೇಡಿಕೆ ಏರಿತು, ದಾವಣಗೆರೆ ದೊಡ್ಡ ಮಾರುಕಟ್ಟೆಯಾಯಿತು. ಬಿತ್ತಿ, ಎರಡು ಸಲ ಎಡೆಕುಂಟೆ ಹೊಡೆದು, ಯೂರಿಯಾ ಚೆಲ್ಲಿ, ತೆನೆ ಮುರಿದು ಯಂತ್ರಕ್ಕೆ ಕೊಟ್ಟರೆ ಕೈಗೆ ಒಟ್ಟಾಗಿ ದುಡ್ಡು. ಒಮ್ಮೆ ಹಿಡಿದ ರೈತ ಬಿಡಲಿಲ್ಲ. ಬಿಡಲು ಅವನಿಗೆ ಬೇರೆ ದಾರಿಯೂ ಕಾಣಲಿಲ್ಲ.

ಅಲ್ಲಿಯವರೆಗೆ ಹೊಲದಲ್ಲಿ ಬೆಳೆದದ್ದರಲ್ಲಿ ಹೆಚ್ಚಿನದು ಊರಲ್ಲೇ ಉಳಿಯುತ್ತಿತ್ತು. ರಾಗಿ, ಜೋಳ ಮನೆಯ ಕಣಜಕ್ಕೆ, ಹುಲ್ಲು ಕೊಟ್ಟಿಗೆಗೆ, ಸಗಣಿ ತಿಪ್ಪೆಗೆ, ತಿಪ್ಪೆ ಮತ್ತೆ ಹೊಲಕ್ಕೆ. ಮೆಕ್ಕೆಜೋಳದ ಕಾಳು ಲಾರಿ ಹತ್ತಿತು. ಊರೊಳಗೇ ಸುತ್ತುತ್ತಿದ್ದ ಕಸುವು ಊರು ಬಿಟ್ಟು ಹೊರಟದ್ದು ಆಗ.

ಎತ್ತಿದ್ದೆಷ್ಟು, ಇಟ್ಟಿದ್ದೆಷ್ಟು

ಎಕರೆಗೆ 20 ಕ್ವಿಂಟಲ್ ಕಾಳು ಕೊಟ್ಟ ಬೆಳೆಯನ್ನು ತೆಗೆದುಕೊಳ್ಳೋಣ. ಮಸಾರಿ ನೆಲದಲ್ಲಿ ಒಳ್ಳೆ ಮಳೆಯ ವರ್ಷ ಇದು ಸಿಗುವ ಇಳುವರಿಯೇ. ಇಷ್ಟು ಬೆಳೆಯಲು ಗಿಡ ನೆಲದಿಂದ ಎತ್ತುವುದು, ಗೊಬ್ಬರದ ಚೀಲದ ಮೇಲೆ ಬರೆಯುವ ಲೆಕ್ಕದಲ್ಲಿ, ಸುಮಾರು 40ರಿಂದ 45 ಕೆಜಿ ಸಾರಜನಕ, 18 ಕೆಜಿ ರಂಜಕ, 40ರಿಂದ 45 ಕೆಜಿ ಪೊಟ್ಯಾಷ್. ಇದರಲ್ಲಿ ಕಾಳಿಗೂ ಸಪ್ಪೆಗೂ ಹಂಚಿಕೆಯಾಗುವ ರೀತಿಯನ್ನು ಗಮನಿಸಬೇಕು. ಸಾರಜನಕದಲ್ಲಿ ಮೂರನೇ ಎರಡರಷ್ಟು, ರಂಜಕದಲ್ಲಿ ಅದಕ್ಕಿಂತ ಹೆಚ್ಚು ಕಾಳಿಗೆ ಸೇರುತ್ತದೆ. ಪೊಟ್ಯಾಷ್ ಮಾತ್ರ ತಿರುಗುಮುರುಗು: ಕಾಳಿಗೆ ಹೋಗುವುದು 8–9 ಕೆಜಿ, ಉಳಿದ ಮೂವತ್ತು ಕೆಜಿಗೂ ಮಿಕ್ಕಿದ್ದು ಸಪ್ಪೆಯಲ್ಲೇ ಇರುತ್ತದೆ.

ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಕೃಷಿ ವಿಶ್ವವಿದ್ಯಾಲಯಗಳ ಶಿಫಾರಸು ಹೆಕ್ಟೇರಿಗೆ 100:50:25, ಅಂದರೆ ಎಕರೆಗೆ 40 ಕೆಜಿ ಸಾರಜನಕ, 20 ಕೆಜಿ ರಂಜಕ, 10 ಕೆಜಿ ಪೊಟ್ಯಾಷ್. ಅಂಗಡಿಯ ಲೆಕ್ಕಕ್ಕೆ ತಂದರೆ, 50 ಕೆಜಿಯ ಒಂದು ಚೀಲ ಡಿಎಪಿಯಲ್ಲಿ 9 ಕೆಜಿ ಸಾರಜನಕ, 23 ಕೆಜಿ ರಂಜಕ. 45 ಕೆಜಿಯ ಒಂದು ಚೀಲ ಯೂರಿಯಾದಲ್ಲಿ ಹತ್ತಿರಹತ್ತಿರ 21 ಕೆಜಿ ಸಾರಜನಕ. ಒಂದು ಡಿಎಪಿ, ಒಂದೂವರೆ ಯೂರಿಯಾ, ಹದಿನೇಳು ಕೆಜಿ ಎಂಒಪಿ (ಪೊಟ್ಯಾಷ್ ಗೊಬ್ಬರ) ಹಾಕಿದರೆ ಶಿಫಾರಸು ಪೂರ್ತಿಯಾಗುತ್ತದೆ. ಹೊಲದಲ್ಲಿ ನಡೆಯುವುದು ಬೇರೆ. ಬಿತ್ತುವಾಗ ಡಿಎಪಿ, ಮೊಣಕಾಲೆತ್ತರಕ್ಕೆ ಬಂದಾಗ ಯೂರಿಯಾ, ಎಲೆ ಕಪ್ಪು ಹಸಿರಾಗಲೆಂದು ಸೂಲಂಗಿಗೆ ಮುಂಚೆ ಇನ್ನೊಂದು ಸಲ ಯೂರಿಯಾ. ಪೊಟ್ಯಾಷ್ ಚೀಲ ಅಂಗಡಿಯಲ್ಲೇ ಉಳಿಯುತ್ತದೆ.

ಆ 10 ಕೆಜಿ ಪೊಟ್ಯಾಷ್ ಕಾಳು ಎತ್ತಿದ್ದಕ್ಕೆ ಸರಿಹೋಗುತ್ತದೆ. ಆದರೆ ಸಪ್ಪೆ ಹೊಲದಲ್ಲೇ ಉಳಿದರೆ ಮಾತ್ರ. ಸಪ್ಪೆ ಹೊರಗೆ ಹೋಗಿ ಅದರ ಗೊಬ್ಬರವೂ ಹಿಂದಿರುಗದಿದ್ದರೆ, ವರ್ಷಕ್ಕೆ ಮೂವತ್ತು ಕೆಜಿಯಷ್ಟು ಪೊಟ್ಯಾಷನ್ನು ನೆಲ ತನ್ನ ಗಂಟಿನಿಂದ ಕೊಡಬೇಕಾಗುತ್ತದೆ. ನಮ್ಮ ಕೆಂಪು ಮಣ್ಣಿಗೆ ಆ ಗಂಟು ಕೆಲವು ವರ್ಷ ಇರುತ್ತದೆ, ಆಮೇಲೆ ಕರಗುತ್ತದೆ. ಮೊದಲ ಹತ್ತು ವರ್ಷ ಏನೂ ಆಗಲಿಲ್ಲವೆಂದು ನೆಮ್ಮದಿಯಾಗಿದ್ದ ರೈತನಿಗೆ ಆಮೇಲೆ ದಂಟು ಟೊಳ್ಳಾಗುವುದು, ಗಾಳಿಗೆ ಬೆಳೆ ಮಲಗುವುದು, ಕಾಂಡ ಕೊಳೆ ಕಾಣಿಸತೊಡಗುತ್ತವೆ. ರೋಗವೆಂದು ಔಷಧಿ ಅಂಗಡಿಗೆ ಹೋಗುತ್ತಾನೆ. ಆ ಕೊಳೆರೋಗದ ಹಿಂದೆ ಎಷ್ಟೋ ಸಲ ಇರುವುದು ಪೊಟ್ಯಾಷ್ ಕೊರತೆ.

ಬೆಲೆಗೂ ಈ ಕೊರತೆಗೂ ನೇರ ಸಂಬಂಧವಿದೆ. 2025–26ಕ್ಕೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಸುಗ್ಗಿಯಲ್ಲಿ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗಿಳಿದು ರಾಜ್ಯದ ಮೆಕ್ಕೆಜೋಳ ಬೆಳೆಗಾರರು ಬೀದಿಗಿಳಿಯಬೇಕಾಯಿತು. ಬೆಲೆ ಬಿದ್ದ ಮರುವರ್ಷ ರೈತ ಮೊದಲು ಕೈಬಿಡುವುದು ಪೊಟ್ಯಾಷನ್ನು, ಸತುವನ್ನು, ಕೊಟ್ಟಿಗೆ ಗೊಬ್ಬರದ ಸಾಗಾಟವನ್ನು. ಯೂರಿಯಾ ಅಗ್ಗ, ಹಾಗಾಗಿ ಅದು ಉಳಿಯುತ್ತದೆ. ಮಣ್ಣು ಕಳೆದುಕೊಂಡದ್ದನ್ನು ಯಾವ ಬೆಲೆಪಟ್ಟಿಯಲ್ಲೂ ಬರೆಯುವುದಿಲ್ಲವೆಂಬುದು ಈ ವ್ಯವಸ್ಥೆಯ ದೊಡ್ಡ ಅನ್ಯಾಯ.

ದೀರ್ಘಾವಧಿ ಪ್ರಯೋಗಗಳು ಕಂಡದ್ದು

ಮಣ್ಣು ಸೋಲುವುದು ನಿಧಾನ. ಎರಡು ಮೂರು ವರ್ಷದ ಪ್ರಾತ್ಯಕ್ಷಿಕೆಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಒಂದೇ ತಾಕಿನಲ್ಲಿ ದಶಕಗಳ ಕಾಲ ಒಂದೇ ಪದ್ಧತಿಯನ್ನು ಬಿಡದೆ ನಡೆಸುವ ಪ್ರಯೋಗಗಳಿಗೆ ಬೆಲೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಮಾರೋ ತಾಕುಗಳಲ್ಲಿ 1876ರಿಂದ ಒಂದು ಕಡೆ ಮೆಕ್ಕೆಜೋಳದ ಮೇಲೆ ಮೆಕ್ಕೆಜೋಳ, ಇನ್ನೊಂದು ಕಡೆ ಬೇರೆ ಬೆಳೆಗಳೊಂದಿಗೆ ಸರದಿ ನಡೆದಿದೆ. ಬಿಡದೆ ಮೆಕ್ಕೆಜೋಳ ಬೆಳೆದ ತಾಕಿನಲ್ಲಿ ಮಣ್ಣಿನ ಸಾವಯವ ಅಂಶ ಎಲ್ಲಕ್ಕಿಂತ ಹೆಚ್ಚು ಕರಗಿತು. ಹುಲ್ಲು, ದ್ವಿದಳ ಸೇರಿದ ಸರದಿಯಲ್ಲಿ ಹೆಚ್ಚು ಉಳಿಯಿತು. ಈ ತಾಕುಗಳ ಮೇಲೆ ನೆರಳು ಬೀಳಬಾರದೆಂದು ಪಕ್ಕದ ಗ್ರಂಥಾಲಯವನ್ನು ನೆಲದ ಕೆಳಗೆ ಕಟ್ಟಿದರು. ಒಂದು ತುಂಡು ಹೊಲಕ್ಕೆ ಅಷ್ಟು ಗೌರವ ಕೊಟ್ಟ ಊರನ್ನು ನೆನೆದಾಗ ಮನಸ್ಸು ತುಂಬುತ್ತದೆ.

ಭಾರತದಲ್ಲಿ ದೀರ್ಘಾವಧಿ ಗೊಬ್ಬರ ಪ್ರಯೋಗಗಳ ಅಖಿಲ ಭಾರತ ಯೋಜನೆ 1970ರಲ್ಲಿ ಆರಂಭವಾಯಿತು. ಹಿರೇಗುಂಟನೂರಿನ ರೈತನಿಗೆ ಅತಿ ಹತ್ತಿರದ ಪಾಠ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ್ದು. ಅಲ್ಲಿ ಕೆಂಪು ಮಣ್ಣಿನಲ್ಲೇ 1986ರಿಂದ ರಾಗಿ–ಮೆಕ್ಕೆಜೋಳ ಸರದಿ ನಡೆಯುತ್ತಿದೆ. ಬರೀ ಸಾರಜನಕ ಕೊಟ್ಟ ತಾಕು ಸೋತಿತು. ಪೊಟ್ಯಾಷ್ ಬಿಟ್ಟ ತಾಕೂ ಸೋತಿತು. ಸಮತೋಲನ ಗೊಬ್ಬರದ ಜೊತೆಗೆ ಕೊಟ್ಟಿಗೆ ಗೊಬ್ಬರ ಬಿದ್ದ ತಾಕು ನಿಂತಿತು. ಹಿಮಾಚಲದ ಪಾಲಂಪುರದಲ್ಲಿ ಮೆಕ್ಕೆಜೋಳ–ಗೋಧಿ ಪ್ರಯೋಗ ಇನ್ನೂ ಕಠೋರ ಸತ್ಯ ತೋರಿಸಿತು: ಬರೀ ಯೂರಿಯಾ ಹಾಕುತ್ತಾ ಬಂದ ತಾಕಿನ ಮಣ್ಣು ಹುಳಿಯಾಗಿ ಇಳುವರಿ ಸೊನ್ನೆಗೆ ಬಂತು. ಪಾಲಂಪುರದ್ದು ಹೆಚ್ಚು ಮಳೆಯ, ಮೊದಲೇ ಹುಳಿ ಇರುವ ಮಣ್ಣು. ಚಿತ್ರದುರ್ಗದ ಬಹುಪಾಲು ನೆಲಕ್ಕೆ ಆ ಗತಿ ಅಷ್ಟು ಬೇಗ ಬರದು; ಇಲ್ಲಿ ಹಲವೆಡೆ ಮಣ್ಣು ತಟಸ್ಥದಿಂದ ಕ್ಷಾರದ ಕಡೆಗಿದೆ. ಆದ್ದರಿಂದ ಯಾರೋ ಹೇಳಿದರೆಂದು ಪರೀಕ್ಷೆಯಿಲ್ಲದೆ ಸುಣ್ಣ ಎರಚುವುದು ಇಲ್ಲಿ ತಪ್ಪು. ಪಾಠದ ತಿರುಳಂತೂ ಎರಡೂ ಕಡೆಗೆ ಒಂದೇ: ಬರೀ ಸಾರಜನಕದಿಂದ ನೆಲ ನಿಲ್ಲದು.

ಎಲೆ ಓದುವುದು

ಪ್ರಯೋಗಾಲಯದ ವರದಿ ಬರುವ ಮೊದಲೇ ಬೆಳೆ ತನ್ನ ಕಷ್ಟ ಹೇಳಿಕೊಳ್ಳುತ್ತದೆ. ಸಾಲಿನ ನಡುವೆ ಕುಕ್ಕರುಗಾಲಲ್ಲಿ ಕೂತು ಕೆಳಗಿನ ಎಲೆ ನೋಡಬೇಕು. ತುದಿಯಿಂದ ಶುರುವಾದ ಹಳದಿ ನಡುದಿಂಡಿನ ಗುಂಟ ಬುಡದ ಕಡೆಗೆ ಚೂಪಾಗಿ ಇಳಿದಿದ್ದರೆ ಸಾರಜನಕ ಸಾಲದು. ಅದೇ ಕೆಳಗಿನ ಎಲೆಯ ನಡುಭಾಗ ಹಸಿರಾಗಿದ್ದು ಅಂಚು ಮಾತ್ರ ಬೆಂಕಿ ತಾಗಿದಂತೆ ಸುಟ್ಟಿದ್ದರೆ ಪೊಟ್ಯಾಷ್ ಇಲ್ಲ. ಎಳೆ ಪೈರಿನ ಎಲೆ ನೇರಳೆಗೆ ತಿರುಗಿದರೆ ರಂಜಕದ ಕೊರತೆ. ಇನ್ನು ಮೇಲಿನ ಎಳೆ ಎಲೆಯ ಬುಡದ ಅರ್ಧದಲ್ಲಿ, ನಡುದಿಂಡಿನ ಎರಡೂ ಬದಿಗೆ ಅಗಲವಾದ ಬಿಳಿ ಪಟ್ಟಿ ಕಂಡರೆ ಸತುವಿನ ಕೊರತೆ.

ಇಲ್ಲಿ ಒಂದು ಎಚ್ಚರ ಬೇಕು. ಈ ಸತುವಿನ ಕೊರತೆಗೂ ಬೂಜು ತುಪ್ಪಟ ರೋಗಕ್ಕೂ ಜನ ಬಿಳಿಸುಳಿ ಎಂದೇ ಹೇಳುತ್ತಾರೆ. ಬೆಳಗಿನ ಇಬ್ಬನಿ ಆರುವ ಮುನ್ನ ಎಲೆಯ ತಳಭಾಗ ತಿರುಗಿಸಿ ನೋಡಿದಾಗ ಬಿಳಿ ಬೂಜು ಕಂಡರೆ ಅದು ರೋಗ. ತಳ ಶುಚಿಯಾಗಿದ್ದು ಪಟ್ಟಿ ಮಾತ್ರ ಬಿಳಿಯಿದ್ದರೆ ಸತುವಿನ ಕೊರತೆ. ಒಂದಕ್ಕೆ ಮುಂದಿನ ಬಿತ್ತನೆಯ ಬೀಜೋಪಚಾರ, ರೋಗ ತಡೆಯುವ ತಳಿ ಬೇಕು. ಇನ್ನೊಂದಕ್ಕೆ ಎಕರೆಗೆ ನಾಲ್ಕು ಕೆಜಿ ಸತುವಿನ ಸಲ್ಫೇಟ್ ಸಾಕು. ಅದನ್ನು ಡಿಎಪಿ ಜೊತೆ ಬೆರೆಸಿ ಹಾಕಬಾರದು; ರಂಜಕ ಸತುವನ್ನು ಕಟ್ಟಿಹಾಕುತ್ತದೆ. ತಿಪ್ಪೆಗೊಬ್ಬರದಲ್ಲಿ ಬೆರೆಸಿ ಬೇರೆಯಾಗಿ ಹಾಕುವುದು ಒಳ್ಳೆಯದು.

ಸತುವಿನ ಮಾತು ಈ ಜಿಲ್ಲೆಯಲ್ಲಿ ಮನೆಮಾತಾದದ್ದು ಭೂಚೇತನ ಯೋಜನೆಯಿಂದ. ರಾಜ್ಯ ಸರ್ಕಾರ ಹೈದರಾಬಾದಿನ ಇಕ್ರಿಸ್ಯಾಟ್ ಜೊತೆ ಸೇರಿ 2009ರಲ್ಲಿ ಆರಂಭಿಸಿದ ಈ ಯೋಜನೆಯ ಮೊದಲ ಹಂತದ ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಮಣ್ಣು ಪರೀಕ್ಷೆಯಲ್ಲಿ ಸತು, ಬೋರಾನ್, ಗಂಧಕಗಳ ಕೊರತೆ ವ್ಯಾಪಕವಾಗಿ ಕಂಡಿತು. ಜಿಪ್ಸಂ, ಸತುವಿನ ಸಲ್ಫೇಟ್, ಬೋರಾಕ್ಸ್ ರೈತ ಸಂಪರ್ಕ ಕೇಂದ್ರಗಳ ಮೂಲಕ ಹಳ್ಳಿ ತಲುಪಿದವು. ಕಣ್ಣಿಗೆ ಕಾಣದ ಕೊರತೆಗೆ ಹೆಸರು ಕೊಟ್ಟದ್ದು ಆ ಯೋಜನೆಯ ದೊಡ್ಡ ಉಪಕಾರ.

ಹಿಂದಕ್ಕೆ ಕೊಡುವುದು: ತಿಪ್ಪೆ, ಮಂದೆ, ಗೋಡು, ಸಪ್ಪೆ

ಚಿತ್ರದುರ್ಗ ಜಿಲ್ಲೆಯಲ್ಲಿ ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ತಿಪ್ಪಮ್ಮ ಎಂಬ ಹೆಸರಿಲ್ಲದ ಊರು ಸಿಗುವುದು ಕಷ್ಟ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಜನ ಕೆರೆ ಕಟ್ಟಿಸಿದ ಸಂತನೆಂದು ಸ್ಮರಿಸುತ್ತಾರೆ. ಇಂಥ ಸೀಮೆಯಲ್ಲಿ ತಿಪ್ಪೆ ಕೀಳು ಮಾತಲ್ಲ. ಶಿಫಾರಸಿನಂತೆ ಎಕರೆಗೆ ನಾಲ್ಕು ಟನ್ ಕೊಟ್ಟಿಗೆ ಗೊಬ್ಬರ ಬಿದ್ದರೆ ಸುಮಾರು 20 ಕೆಜಿ ಸಾರಜನಕ, ಅಷ್ಟೇ ಪೊಟ್ಯಾಷ್, ಜೊತೆಗೆ ಸತುವೂ ಬೋರಾನೂ ನೆಲಕ್ಕೆ ಸೇರುತ್ತವೆ. ಸಾರಜನಕದ ಒಂದು ಪಾಲಷ್ಟೇ ಮೊದಲ ವರ್ಷ ಬೆಳೆಗೆ ದಕ್ಕುತ್ತದೆ. ಉಳಿದದ್ದು ನಿಧಾನವಾಗಿ ಬಿಡುಗಡೆಯಾಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಇಂಗಾಲದ್ದು. ಸಾವಯವ ಇಂಗಾಲ ನೂರಕ್ಕೆ 0.5ಕ್ಕಿಂತ ಕೆಳಗಿದ್ದರೆ ಮಣ್ಣನ್ನು ಬಡವೆಂದೇ ಎಣಿಸುತ್ತಾರೆ. ಅಂಥ ಮಣ್ಣಿಗೆ ಸುರಿದ ಯೂರಿಯಾ ಒಂದು ಜೋರು ಮಳೆಗೆ ಬೇರಿನಿಂದ ಕೆಳಗೆ ಜಾರಿಹೋಗುತ್ತದೆ.

ತಿಪ್ಪೆಯನ್ನು ಬಿಸಿಲಿಗೆ ತೆರೆದಿಟ್ಟರೆ ಸಾರಜನಕ ಗಾಳಿಗೆ ಹೋಗುತ್ತದೆ. ಗುಂಡಿಯಲ್ಲಿ ಒಟ್ಟಿ, ಮೇಲೆ ಮಣ್ಣು ಮೆತ್ತಿ, ಗಂಜಲ ಕೊಟ್ಟಿಗೆಯಿಂದ ಹರಿದು ಬರುವಂತೆ ಮಾಡಿದ ಗೊಬ್ಬರಕ್ಕೂ ರಸ್ತೆಬದಿಯಲ್ಲಿ ಒಣಗಿದ ಗೊಬ್ಬರಕ್ಕೂ ಅಜಗಜಾಂತರ. ಹೊಲದಲ್ಲಿ ಗುಡ್ಡೆ ಹಾಕಿ ತಿಂಗಳುಗಟ್ಟಲೆ ಬಿಡುವ ರೂಢಿಯೂ ನಷ್ಟದ್ದೇ. ಎರಚಿದ ದಿನವೇ ಮಣ್ಣಿಗೆ ಸೇರಿಸಬೇಕು.

ದನ ಕಡಿಮೆಯಾದ ಊರಿಗೆ ಕುರಿ ಆಸರೆ. ಚಿತ್ರದುರ್ಗ ಕುರಿಗಾರರ ಜಿಲ್ಲೆ; ಚಳ್ಳಕೆರೆಯ ಕಂಬಳಿ ಹೆಸರುವಾಸಿ. ಬೇಸಿಗೆಯಲ್ಲಿ ಕುರುಬರು, ಕಾಡುಗೊಲ್ಲರು ಬೀಡುಬಿಟ್ಟು ಹೊಲದಲ್ಲಿ ಮಂದೆ ನಿಲ್ಲಿಸುತ್ತಾರೆ. ಹಗಲು ಮೇಯ್ದು ಬಂದ ಮಂದೆ ರಾತ್ರಿ ಬಲೆಯೊಳಗೆ ಮಲಗುತ್ತದೆ; ಮರುರಾತ್ರಿ ಬಲೆ ಹತ್ತು ಮಾರು ಮುಂದಕ್ಕೆ ಸರಿಯುತ್ತದೆ. ಬೆಳಗ್ಗೆ ಆ ನೆಲ ನೋಡಿದರೆ ಹಿಕ್ಕೆ ಹಾಸಿದಂತಿರುತ್ತದೆ. ಗಂಜಲದ ವಾಸನೆ ಕಣ್ಣಿಗೆ ಹೊಡೆಯುತ್ತದೆ. ಆ ವಾಸನೆಯೇ ಗಾಳಿಗೆ ಹೋಗುತ್ತಿರುವ ಸಾರಜನಕ. ಮಂದೆ ಎದ್ದ ಮೇಲೆ ತಡಮಾಡದೆ ಕುಂಟೆ ಹೊಡೆದು ಹಿಕ್ಕೆಯನ್ನೂ ಗಂಜಲವನ್ನೂ ಮಣ್ಣಿಗೆ ಬೆರೆಸಬೇಕು. ಮಂದೆ ನಿಂತ ಪಟ್ಟಿ ಯಾವುದೆಂದು ಆಷಾಢದಲ್ಲಿ ದಾರಿಹೋಕನಿಗೂ ಗೊತ್ತಾಗುತ್ತದೆ. ಪೈರು ಅಲ್ಲಿ ಒಂದು ಗೇಣು ಹೆಚ್ಚು ಎತ್ತರ.

ಕೆರೆಗೋಡು ಇನ್ನೊಂದು ಹಳೆಯ ಆಸ್ತಿ. ಮೇಲಿನ ಹೊಲಗಳಿಂದ ಕೊಚ್ಚಿಬಂದ ಜೇಡಿಮಣ್ಣು ಕೆರೆಯ ಅಂಗಳದಲ್ಲಿ ಕೂತಿರುತ್ತದೆ. ಬೇಸಿಗೆಯಲ್ಲಿ ಅದನ್ನು ಹೊಡೆದು ಮಸಾರಿಗೆ ಹರಡಿದರೆ ನೀರು ಹಿಡಿಯುವ ಗುಣ ಹೆಚ್ಚುತ್ತದೆ, ಮಳೆ ಒಂದು ವಾರ ಕೈಕೊಟ್ಟರೂ ಪೈರು ತಾಳುತ್ತದೆ. ಒಮ್ಮೆ ಹೊಡೆದದ್ದು ಹಲವು ವರ್ಷ ಉಳಿಯುವ ಉಪಕಾರ. ಮೊದಲೇ ಜೇಡಿ ಇರುವ ಎರೆಹೊಲಕ್ಕೆ ಇದು ಬೇಡ.

ಕೊನೆಗೆ ಸಪ್ಪೆ. ತೆನೆ ಮುರಿದ ಮೇಲೆ ನಿಂತ ಸಪ್ಪೆಯನ್ನು ದನ ಕುರಿ ಮೇಯಿಸಿ, ಮಿಕ್ಕದ್ದನ್ನು ಬೇಸಿಗೆಯಲ್ಲಿ ಗುಡಿಸಿ ಬೆಂಕಿಯಿಡುವುದು ಹಲವೆಡೆ ರೂಢಿ. ಸುಟ್ಟಾಗ ಪೊಟ್ಯಾಷ್ ಬೂದಿಯಲ್ಲಿ ಉಳಿದರೂ ಗಾಳಿ ಅದನ್ನು ಸಮವಾಗಿ ಹರಡುವುದಿಲ್ಲ. ಸಾರಜನಕ, ಗಂಧಕ, ಇಂಗಾಲ ಹೊಗೆಯಾಗಿ ಹೋಗುತ್ತವೆ. ಯಂತ್ರದಲ್ಲಿ ಪುಡಿಮಾಡಿ ಮಣ್ಣಿಗೆ ಸೇರಿಸುವುದು ಉತ್ತಮ. ಒಂದು ತೊಡಕಿದೆ. ಸಪ್ಪೆಯಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಸುಮಾರು ಅರವತ್ತಕ್ಕೆ ಒಂದು. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ತಾತ್ಕಾಲಿಕವಾಗಿ ಎಳೆದುಕೊಳ್ಳುವುದರಿಂದ, ಬಿತ್ತನೆಗೆ ಮುಂಚೆ ತಡವಾಗಿ ಸೇರಿಸಿದರೆ ಎಳೆ ಪೈರು ಹಳದಿಯಾಗುತ್ತದೆ. ಹಿಂಗಾರಿನ ತೇವ ಇರುವಾಗಲೇ ಸೇರಿಸಿ, ಸಗಣಿ ಬಗ್ಗಡವನ್ನೋ ಸ್ವಲ್ಪ ಯೂರಿಯಾವನ್ನೋ ಚಿಮುಕಿಸಿದರೆ ಮುಂಗಾರಿನ ಹೊತ್ತಿಗೆ ಅದು ಹದಕ್ಕೆ ಬರುತ್ತದೆ. ಮೇವು ಬೇಕಾದವನು ಅರ್ಧ ಒಯ್ದು ಅರ್ಧ ಬಿಡಲಿ. ಕೊಟ್ಟಿಗೆಗೆ ಹೋದದ್ದರ ಗೊಬ್ಬರ ಅದೇ ಹೊಲಕ್ಕೆ ಬರಲಿ. ಈಗ ಎಷ್ಟೋ ಮನೆಗಳಲ್ಲಿ ಮೆಕ್ಕೆಜೋಳದ ಸಪ್ಪೆ ತಿಂದ ದನದ ಗೊಬ್ಬರ ಸೇರುವುದು ಅಡಿಕೆ ತೋಟಕ್ಕೆ. ತೋಟ ಕೊಬ್ಬುತ್ತದೆ, ಮಳೆಹೊಲ ಬಡವಾಗುತ್ತದೆ.

ಜೊತೆಬೆಳೆ ಮತ್ತು ಸರದಿ

ಹುಟ್ಟಿದ ನಾಡಿನಲ್ಲಿ ಮೆಕ್ಕೆಜೋಳವನ್ನು ಒಂಟಿಯಾಗಿ ಬೆಳೆಯುತ್ತಿರಲಿಲ್ಲ. ಮೆಕ್ಸಿಕೊ, ಮಧ್ಯ ಅಮೆರಿಕಗಳ ಮೂಲನಿವಾಸಿಗಳು ಅದರ ದಂಟಿಗೆ ಹುರುಳಿಕಾಯಿ ಬಳ್ಳಿ ಹಬ್ಬಿಸಿ, ಬುಡಕ್ಕೆ ಕುಂಬಳ ಬಿಡುತ್ತಿದ್ದರು. ನಮ್ಮ ಅಕ್ಕಡಿ ಸಾಲಿನ ಬುದ್ಧಿಯೂ ಅದೇ. ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆ ಹಾಕಿದ ಕೈಗಳೇ ಮೆಕ್ಕೆಜೋಳ ಬಂದ ಮೇಲೆ ಅಕ್ಕಡಿ ಮರೆತವು. ಕಳೆನಾಶಕ ಸಿಂಪಡಿಸುವ ಹೊಲದಲ್ಲಿ ದ್ವಿದಳ ಉಳಿಯದೆಂಬುದೂ ಒಂದು ಕಾರಣ. ಇಂದು ಮತ್ತೆ ಕೆಲವರು ನಾಲ್ಕೋ ಆರೋ ಸಾಲು ಮೆಕ್ಕೆಜೋಳಕ್ಕೆ ಒಂದು ಸಾಲು ತೊಗರಿ ಹಾಕುತ್ತಿದ್ದಾರೆ. ಮೆಕ್ಕೆಜೋಳ ಕೊಯ್ಲಾದ ಮೇಲೆ ತೊಗರಿಗೆ ಬೆಳಕು, ಗಾಳಿ, ಹಿಂಗಾರಿನ ತೇವ ಪೂರ್ತಿ ಸಿಗುತ್ತದೆ. ಅದರ ಆಳದ ಬೇರು ಗಟ್ಟಿಪದರವನ್ನು ಸೀಳುತ್ತದೆ. ಉದುರಿದ ಎಲೆ ಹೊಲಕ್ಕೆ ಹಾಸಿಗೆ.

ಪೂರ್ತಿ ಸರದಿ ಇನ್ನೂ ಒಳ್ಳೆಯದು: ಮೂರು ವರ್ಷಕ್ಕೊಮ್ಮೆಯಾದರೂ ಶೇಂಗಾ, ಅವರೆ ಅಥವಾ ತೊಗರಿ. ಭರಣಿ, ಕೃತ್ತಿಕೆ ಮಳೆ ಚೆನ್ನಾಗಿ ಬಿದ್ದ ವರ್ಷ ಹೆಸರು, ಅಲಸಂದೆ ಅಥವಾ ಸೆಣಬು ಚೆಲ್ಲಿ, ಮೆಕ್ಕೆಜೋಳ ಬಿತ್ತುವ ಮುಂಚೆ ಹಸಿರಾಗಿಯೇ ಮಗುಚಬಹುದು. ಮಳೆ ಹಿಂದುಮುಂದಾದ ವರ್ಷ ಇದನ್ನು ಬಲವಂತ ಮಾಡಬಾರದು. ಹಸಿರೆಲೆಗೊಬ್ಬರ ಕುಡಿದ ನೀರು ಮುಖ್ಯ ಬೆಳೆಯ ಪಾಲಿನದು. ಅದಕ್ಕಿಂತ ಬದುವಿನ ಮೇಲೆ ಗ್ಲಿರಿಸಿಡಿಯಾ, ಹೊಂಗೆ ಬೆಳೆಸಿ ಸೊಪ್ಪು ಕಡಿದು ಹಾಕುವುದು ಈ ಮಳೆಗೆ ಹೆಚ್ಚು ನಂಬಿಕೆಯ ದಾರಿ.

ಒಂದೇ ಬೆಳೆಯ ಅಪಾಯವನ್ನು ಎಲ್ಲರ ಕಣ್ಣಿಗೂ ಕಾಣಿಸಿದ್ದು ಫಾಲ್ ಸೈನಿಕ ಹುಳು. ಅಮೆರಿಕ ಮೂಲದ ಈ ಕೀಟವನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು 2018ರಲ್ಲಿ, ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ. ಸುಳಿಯೊಳಗೆ ಕೂತು ಗರಗಸದ ಹೊಟ್ಟಿನಂತೆ ಹಿಕ್ಕೆ ಉದುರಿಸುವ ಈ ಹುಳುವಿಗೆ, ಕಣ್ಣು ಹಾಯುವಷ್ಟು ದೂರ ಒಂದೇ ಬೆಳೆಯಿರುವ ಸೀಮೆ ಹಬ್ಬದೂಟ.

ನೆಲ ಸವೆಯದಂತೆ

ಮೇಲಿನ ಒಂದು ಗೇಣು ಮಣ್ಣು ಕೊಚ್ಚಿಹೋದರೆ ಈವರೆಗಿನ ಲೆಕ್ಕಗಳೆಲ್ಲ ವ್ಯರ್ಥ. ಅಗಲ ಸಾಲಿನ ಮೆಕ್ಕೆಜೋಳ ಮೊದಲ ಒಂದು ತಿಂಗಳು ನೆಲವನ್ನು ಮುಚ್ಚುವುದಿಲ್ಲ. ಇಳಿಜಾರಿಗೆ ಅಡ್ಡಲಾಗಿ ಬಿತ್ತುವುದು, ಬದು ಗಟ್ಟಿ ಮಾಡುವುದು, ಎಡೆಕುಂಟೆಯ ನಂತರ ಸಾಲಿನ ನಡುವೆ ಕಾಲುವೆ ತೆಗೆಯುವುದು ಬೇಕೇಬೇಕು. ಟ್ರ್ಯಾಕ್ಟರ್ ರೋಟರಿ ಪದೇ ಪದೇ ಹೊಡೆದರೆ ಮಸಾರಿ ಹಿಟ್ಟಾಗಿ, ಮೊದಲ ಮಳೆಗೆ ಮೇಲ್ಮಣ್ಣು ಚಕ್ಕೆ ಕಟ್ಟುತ್ತದೆ. ಮೊಳಕೆ ಅದನ್ನು ಒಡೆಯಲಾರದೆ ಸೊರಗುತ್ತದೆ.

ಈ ಕ್ರಮಗಳನ್ನು ಅನುಸರಿಸುವಾಗ ನೆನಪಿಡಬೇಕು, ತಾಲ್ಲೂಕುಗಳ ಸ್ಥಿತಿ ಒಂದೇ ತೆರನಾಗಿಲ್ಲ. ಹೊಳಲ್ಕೆರೆ ಕಡೆ, ಹಿರೇಗುಂಟನೂರಿಗೆ ಸಮೀಪದ ಭೀಮಸಮುದ್ರದ ಸುತ್ತ ಅಡಿಕೆ ವಿಸ್ತರಿಸಿ ಮೆಕ್ಕೆಜೋಳ ಖುಷ್ಕಿಗೆ ಸರಿದಿದೆ. ಹೊಸದುರ್ಗದಲ್ಲಿ ರಾಗಿ, ತೆಂಗು ಇನ್ನೂ ಬಲವಾಗಿರುವುದರಿಂದ ಬೆಳೆ ಬದಲಿಸುವುದು ಸುಲಭ. ಹಿರಿಯೂರಿನಲ್ಲಿ, 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಅಚ್ಚುಕಟ್ಟು ಮತ್ತು ಕೊಳವೆಬಾವಿಯ ಹೊಲಗಳಲ್ಲಿ ನೀರಾವರಿ ಮೆಕ್ಕೆಜೋಳಕ್ಕೆ ಹೆಕ್ಟೇರಿಗೆ 150 ಕೆಜಿ ಸಾರಜನಕದ ಶಿಫಾರಸಿದೆ. ಅಲ್ಲಿ ಉಪ್ಪಿನಂಶದ ಮೇಲೂ ಕಣ್ಣಿಡಬೇಕು. ಹಿರಿಯೂರು ಬಳಿಯ ಬಬ್ಬೂರು ಫಾರಂನಲ್ಲಿ ಶಿವಮೊಗ್ಗದ ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಇವೆ.

ಮಣ್ಣು ಪರೀಕ್ಷೆ

ಮಣ್ಣು ಆರೋಗ್ಯ ಚೀಟಿ ಯೋಜನೆ ದೇಶದಲ್ಲಿ 2015ರ ಫೆಬ್ರವರಿಯಲ್ಲಿ ಆರಂಭವಾಯಿತು. ಚೀಟಿಯ ಬೆಲೆ ಮಾದರಿ ತೆಗೆದವನ ಕೈಯಲ್ಲಿದೆ. ಬೆಳೆ ತೆಗೆದ ಮೇಲೆ, ಗೊಬ್ಬರ ಹಾಕುವ ಮುಂಚೆ, ಬೇಸಿಗೆಯಲ್ಲಿ ತೆಗೆಯಬೇಕು. ಬದು, ಮರದ ನೆರಳು, ತಿಪ್ಪೆಯಿದ್ದ ಜಾಗ, ಮಂದೆ ನಿಂತ ಪಟ್ಟಿ ಬಿಟ್ಟು ಹೊಲದಲ್ಲಿ ಅಡ್ಡಾದಿಡ್ಡಿ ಹತ್ತು ಹದಿನೈದು ಕಡೆ ಮೇಲಿನ ಕಸ ಸರಿಸಿ, ಒಂದು ಗೇಣಿಗಿಂತ ತುಸು ಕಡಿಮೆ ಆಳಕ್ಕೆ ಇಳಿಜಾರು ಗುಂಡಿ ತೋಡಿ, ಅದರ ಒಂದು ಬದಿಯನ್ನು ಮೇಲಿನಿಂದ ಕೆಳಗಿನವರೆಗೆ ತೆಳುವಾಗಿ ಕೆರೆಯಬೇಕು. ಎಲ್ಲವನ್ನೂ ಗೋಣಿಯ ಮೇಲೆ ಬೆರೆಸಿ ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಉಳಿಸಿ ಎರಡನ್ನು ಎಸೆಯುತ್ತಾ ಅರ್ಧ ಕೆಜಿಗೆ ಇಳಿಸಿ, ನೆರಳಲ್ಲಿ ಒಣಗಿಸಿ ಬಟ್ಟೆಚೀಲಕ್ಕೆ ತುಂಬಬೇಕು. ರಸಗೊಬ್ಬರದ ಖಾಲಿ ಚೀಲ ಬಳಸಬಾರದು. ಕೆಂಪು ಹೊಲ, ಎರೆಹೊಲಗಳ ಮಣ್ಣನ್ನು ಬೆರೆಸಬಾರದು. ಮೂರು ವರ್ಷದ ನಂತರ ಅದೇ ಹೊಲದ ಚೀಟಿಯನ್ನು ಹಳೆಯದರ ಪಕ್ಕಕ್ಕಿಟ್ಟು ಮೊದಲು ನೋಡಬೇಕಾದ್ದು ಎರಡು ಸಾಲು: ಸಾವಯವ ಇಂಗಾಲ, ಆಮೇಲೆ ಪೊಟ್ಯಾಷ್.